ವೇಗಕ್ಕೆ ಮೂಗುದಾರ

ಮೋಟಾರು ವಾಹನದ ಚರಿತ್ರೆಯಲ್ಲಿ ದೊಡ್ಡ ಹೆಸರುಗಳಿಗೆ ಬರಗಾಲವಿಲ್ಲ. ಬೆಂಜ್, ಡೈಮ್ಲರ್, ಫೋರ್ಡ್ ಇವರನ್ನು ಶಾಲೆಯ ಹುಡುಗರೂ ಬಲ್ಲರು. ಅವರ ಹೆಸರುಗಳನ್ನು ವಾಹನಗಳು ಮುಖದ ಮೇಲೆಯೇ ಹೊತ್ತು ತಿರುಗಿವೆ. ವಾಹನದ ಒಳಗೆ ಅಡಗಿ ಕೆಲಸಮಾಡುವ ಸಣ್ಣಪುಟ್ಟ ಅಂಗಗಳನ್ನು ಕಲ್ಪಿಸಿದವರಿಗೆ ಆ ಭಾಗ್ಯ ಬಂದುದು ಕಡಿಮೆ. ರಾಲ್ಫ್ ಟೀಟರನು ಈ ಎರಡನೆಯ ಸಾಲಿನವನು. ಯಂತ್ರಶಾಸ್ತ್ರಜ್ಞರ ವಲಯದಲ್ಲಿ ಅವನದು ಗೌರವದ ಹೆಸರು. ಕಾಲನ್ನು ಎತ್ತಿದ ಮೇಲೂ ಕಾರು ಒಂದೇ ವೇಗದಲ್ಲಿ ಸಾಗುವಂತೆ ನೋಡಿಕೊಳ್ಳುವ, ಇಂದು ಎಲ್ಲರೂ ಕ್ರೂಸ್ ಕಂಟ್ರೋಲ್ ಎಂದು ಕರೆಯುವ ಸಾಧನದ ಜನಕನೆಂದು ಲೋಕ ಅವನನ್ನು ಒಪ್ಪಿಕೊಂಡಿದೆ. ಆದರೆ ಈ ಮನುಷ್ಯನು ಬಾಲ್ಯದಲ್ಲಿಯೇ ಎರಡೂ ಕಣ್ಣುಗಳನ್ನು ಕಳೆದುಕೊಂಡಿದ್ದನು. ಹೆದ್ದಾರಿಯಲ್ಲಿ ಅವನಿದ್ದುದು ಸದಾ ಪಕ್ಕದ ಆಸನದಲ್ಲಿ.

ಅವನ ಚರಿತ್ರೆಯನ್ನು ನಾನು ಹುಡುಕಿಕೊಂಡು ಹೋಗಲು ಕಾರಣವಾದುದು ಒಂದು ಕೌಟುಂಬಿಕ ವ್ಯಾಜ್ಯ. ಬೆಳ್ತಂಗಡಿಯಲ್ಲಿರುವ ನನ್ನ ಭಾವನವರಿಗೆ ಬಲಮೊಣಕಾಲಿನ ಸಂಧಿವಾತ. ವಾರಕ್ಕೆ ಮೂರು ನಾಲ್ಕು ಬಾರಿ ಮೂಡುಬಿದಿರೆಗೂ ಬಂಟ್ವಾಳಕ್ಕೂ ಹೋಗಿಬರಬೇಕಾದ ವ್ಯವಹಾರ ಅವರದು. ಕೈಯಲ್ಲಿರುವುದು ಬೇಸ್ ಮಾಡೆಲ್ ಕಾರು. ಅದೇ ಕಾರಿನ ಟಾಪ್ ಮಾಡೆಲಿನಲ್ಲಿ ಕಾರ್ಖಾನೆಯವರೇ ಕೊಡುವ ಕ್ರೂಸ್ ಕಂಟ್ರೋಲ್ ಇದರಲ್ಲಿಲ್ಲ. ಎಲೆಕ್ಟ್ರಾನಿಕ್ಸ್ ಓದಿದ ಅವರ ಮಗ, ನನ್ನ ಸೋದರಳಿಯ, ಅದನ್ನು ಮನೆಯಂಗಳದಲ್ಲಿಯೇ ಜೋಡಿಸಿಕೊಡುವೆನೆಂದು ಹೊರಟನು. ಅಕ್ಕ ಮಾತ್ರ ಸುತರಾಂ ಒಪ್ಪಲಿಲ್ಲ. ಕಾಲಿಗೆ ಕೆಲಸ ತಪ್ಪಿದರೆ ಮನಸ್ಸಿಗೂ ನಿದ್ದೆ ಹತ್ತುತ್ತದೆ, ನಮ್ಮ ತಿರುವುಮುರುವಿನ ರಸ್ತೆಯಲ್ಲಿ ಇದು ಜೀವಕ್ಕೆ ಅಪಾಯ ಎಂಬುದು ಅವಳ ವಾದ. ಬಹುಕಾಲ ಭೌತಶಾಸ್ತ್ರ ಕಲಿಸಿದವನೆಂಬ ಕಾರಣಕ್ಕೆ ತೀರ್ಪು ಹೇಳುವ ಹೊಣೆ ನನ್ನ ಮೇಲೆ ಬಿದ್ದಿತು. ಯಾವುದೇ ಯಂತ್ರದ ಗುಣದೋಷ ತಿಳಿಯಬೇಕಾದರೆ ಅದು ಯಾವ ತೊಂದರೆಯನ್ನು ನೀಗಲು ಹುಟ್ಟಿತು ಎಂಬುದನ್ನು ಮೊದಲು ತಿಳಿಯಬೇಕು. ಹಾಗೆ ಹುಡುಕುತ್ತ ಹೋದಾಗ ಯಂತ್ರಕ್ಕಿಂತಲೂ ಯಂತ್ರ ಮಾಡಿದವನೇ ನನ್ನ ಮನಸ್ಸನ್ನು ಹೆಚ್ಚು ಹಿಡಿದನು.

ಟೀಟರ್ ಹುಟ್ಟಿದುದು 1890ರ ಆಗಸ್ಟ್ 17ರಂದು, ಅಮೆರಿಕದ ಇಂಡಿಯಾನಾ ಸಂಸ್ಥಾನದ ಹೇಗರ್ಸ್‌ಟೌನ್ ಎಂಬ ಊರಿನಲ್ಲಿ. ನಮ್ಮ ಬೆಳ್ತಂಗಡಿ ಪೇಟೆಗಿಂತಲೂ ಚಿಕ್ಕ ಊರು ಅದು. ಮನೆತನ ಕೈಕೆಲಸದಲ್ಲಿ ನುರಿತದ್ದು. ಅವನ ದೊಡ್ಡ ಕುಟುಂಬದವರಲ್ಲಿ ಒಬ್ಬನಾದ ಚಾರ್ಲ್ಸ್ ಟೀಟರ್, ರೈಲುಹಳಿಗಳನ್ನು ಪರೀಕ್ಷಿಸುವ ಕೆಲಸಗಾರರು ಹಳಿಯ ಮೇಲೆಯೇ ತುಳಿದುಕೊಂಡು ಹೋಗಲು ಅನುಕೂಲವಾದ ಒಂದು ಬಗೆಯ ಸೈಕಲನ್ನು ಕಲ್ಪಿಸಿ, 1895ರ ಸುಮಾರಿಗೆ ಅದರ ತಯಾರಿಕೆಯನ್ನೇ ಉದ್ಯೋಗವಾಗಿ ಮಾಡಿಕೊಂಡಿದ್ದನು. ತರುವಾಯ ಅದಕ್ಕೆ ಎಂಜಿನ್ನು ಬಂದಿತು. ಎಂಜಿನ್ನಿನ ಹಿಂದೆ ಅದರ ಬಿಡಿಭಾಗಗಳು ಬಂದವು. ಮನೆಯ ಮಕ್ಕಳು ಕಬ್ಬಿಣದ ಚೂರು, ಎಣ್ಣೆಯ ವಾಸನೆಗಳ ನಡುವೆ ಬೆಳೆದರು.

ಐದನೆಯ ವಯಸ್ಸಿನಲ್ಲಿ ಚಾಕುವೊಂದು ಬಾಲಕನ ಕಣ್ಣಿಗೆ ತಗುಲಿತು. ಗಾಯವಾದುದು ಒಂದೇ ಕಣ್ಣಿಗೆ. ಆದರೆ ಹೀಗೆ ಗಾಯಗೊಂಡ ಕಣ್ಣಿನ ಕಾರಣದಿಂದ ದೇಹದ ರಕ್ಷಣಾಶಕ್ತಿ ಕೆರಳಿ, ಏನೂ ತಿಳಿಯದ ಮತ್ತೊಂದು ಕಣ್ಣಿನ ಮೇಲೂ ಎರಗುವ ಅಪರೂಪದ ವ್ಯಾಧಿಯೊಂದುಂಟು. ಅದೇ ಈ ಹುಡುಗನಿಗೂ ತಗುಲಿ, ಒಂದು ವರ್ಷದೊಳಗೆ ಎರಡೂ ಕಣ್ಣುಗಳ ಬೆಳಕು ಆರಿತು. ಇಂದಾದರೆ ಔಷಧದಿಂದ ಒಂದು ಕಣ್ಣನ್ನಾದರೂ ಉಳಿಸಿಕೊಳ್ಳುವ ಆಸೆಯಿರುತ್ತಿತ್ತು. ಆಗ ಅದು ಇರಲಿಲ್ಲ.

ತಂದೆತಾಯಿಗಳು ಆಗ ಕೈಗೊಂಡ ನಿರ್ಧಾರವನ್ನು ನಮ್ಮ ಅಧ್ಯಾಪಕಮಿತ್ರರು ಗಮನಿಸಬೇಕು. ಮಗನಿಗೆ ಕಣ್ಣಿಲ್ಲವೆಂಬುದನ್ನು ಮನೆಯಲ್ಲಿ ಒಂದು ವಿಷಯವನ್ನಾಗಿಯೇ ಅವರು ಮಾಡಲಿಲ್ಲ. ಉಳಿದ ಮಕ್ಕಳಿಗೆ ಇದ್ದ ಅಂಗಳ, ಅದೇ ಕೊಟ್ಟಿಗೆ, ಅದೇ ಕಾರ್ಖಾನೆ ಇವನಿಗೂ ತೆರೆದಿದ್ದವು. ಕುರುಡು ಹುಡುಗನ ಕೈಗೆ ಉಳಿ, ಅರ, ತಿರುಗುವ ಲೇತು ಇವುಗಳನ್ನು ಕೊಡುವುದಕ್ಕೆ ಎಂಥ ಎದೆ ಬೇಕು! ನಮ್ಮಲ್ಲಿ ಅಂಥ ಮಗುವನ್ನು ಪ್ರೀತಿಯಿಂದಲೇ ಚಾವಡಿಯ ಮೂಲೆಯಲ್ಲಿ ಕೂರಿಸಿಬಿಡುವುದನ್ನು ನಾನು ಕಂಡಿದ್ದೇನೆ. ಪ್ರೀತಿಗೇನೂ ಕೊರತೆಯಿಲ್ಲ, ಮಗು ಮಾತ್ರ ಮೂಲೆಯಲ್ಲಿಯೇ ಉಳಿಯುತ್ತದೆ. ಟೀಟರನ ಬೆರಳುಗಳು ಬಹುಬೇಗ ಕಣ್ಣುಗಳಾದವು. ಹನ್ನೆರಡರ ಆಸುಪಾಸಿನ ವಯಸ್ಸಿನಲ್ಲಿ ತನ್ನ ಬಂಧುವೇ ಆದ ಇನ್ನೊಬ್ಬ ಹುಡುಗನನ್ನು ಕೂಡಿಕೊಂಡು ಅವನು ಒಂದು ಮೋಟಾರು ಬಂಡಿಯನ್ನು ಕಟ್ಟಿದನು. ಅದು ನಡೆಯಿತು; ಪತ್ರಿಕೆಗಳಲ್ಲಿ ಸುದ್ದಿಯೂ ಆಯಿತು. ಬಂಡಿ ಕಟ್ಟಿದವರಲ್ಲಿ ಒಬ್ಬನಿಗೆ ಕಣ್ಣಿಲ್ಲ ಎಂಬುದು ಊರಿನವರಿಗೆ ಆಗಲೇ ಹಳೆಯ ಸಂಗತಿಯಾಗಿರಬೇಕು.

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋಗುವವರು ಕಂಬಗಳನ್ನು ನೋಡಿ ಬರುತ್ತಾರೆ. ಒಂದರಂತೆ ಇನ್ನೊಂದಿಲ್ಲವೆಂದು ಹೇಳುತ್ತ ಹೊರಬರುತ್ತಾರೆ. ಒಮ್ಮೆ ಕಣ್ಣುಮುಚ್ಚಿ ಅಂಗೈಯಿಂದ ಎರಡು ಕಂಬಗಳನ್ನು ಸವರಿ ನೋಡಿದರೆ, ಕೆತ್ತಿದ ಶಿಲ್ಪಿಯ ಕೈ ಎಲ್ಲಿ ನಿಂತಿತು, ಎಲ್ಲಿ ತಿರುಗಿತು ಎಂಬುದು ಕಣ್ಣಿಗಿಂತ ಚೆನ್ನಾಗಿ ತಿಳಿಯುತ್ತದೆ. ಟೀಟರನಿಗೆ ಲೋಹವು ಹಾಗೆ ತಿಳಿಯುತ್ತಿದ್ದಿತು. ಅವನ ಕಾರ್ಯಾಗಾರದಲ್ಲಿ ದೀಪವಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಎಂಜಿನಿಯರಿಂಗ್ ಓದಬೇಕೆಂದು ಹೊರಟಾಗ ಅಂಧನಿಗೆ ಈ ವಿದ್ಯೆ ಹೇಗೆ ಸಾಧ್ಯವೆಂಬ ಶಂಕೆ ಎದುರಾಯಿತು. ಆಗ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಅವನ ಸೋದರ ಸಂಬಂಧಿ ನೇವಾ ಡಿಯರ್ಡಾರ್ಫ್ ಎಂಬ ವಿದುಷಿ ಅವನ ಪರವಾಗಿ ನಿಂತಳು; ಪಾಠಗಳನ್ನು ಓದಿ ಹೇಳಿ ನೆರವಾದಳು. 1912ರಲ್ಲಿ ಅವನು ಅಲ್ಲಿಂದಲೇ ಯಂತ್ರಶಾಸ್ತ್ರದಲ್ಲಿ ಪದವಿ ಪಡೆದು ಹೊರಬಂದನು. ಕೇಳಿದ ಲೆಕ್ಕವನ್ನು ತಲೆಯಲ್ಲಿಯೇ ಕಟ್ಟಿಕೊಳ್ಳುವ, ನಕ್ಷೆಯನ್ನು ಮನಸ್ಸಿನಲ್ಲಿಯೇ ಬಿಡಿಸಿಕೊಳ್ಳುವ ಅಭ್ಯಾಸ ಆ ವರ್ಷಗಳಲ್ಲಿ ಗಟ್ಟಿಯಾಗಿರಬೇಕು.

ಮೊದಲನೆಯ ಮಹಾಯುದ್ಧ ಅವನ ವಿದ್ಯೆಗೆ ಪರೀಕ್ಷೆಯನ್ನೊಡ್ಡಿತು. 1918ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್ ಬಂದರಿನ ಹಡಗುಕಟ್ಟೆಯಲ್ಲಿ ಅಮೆರಿಕದ ನೌಕಾಪಡೆಗಾಗಿ ಡಿಸ್ಟ್ರಾಯರ್ ಎಂಬ ಶೀಘ್ರಗಾಮಿ ಹಡಗುಗಳು ಸಿದ್ಧವಾಗುತ್ತಿದ್ದವು. ಅವುಗಳ ಹಬೆಯ ಟರ್ಬೈನಿನ ತಿರುಗುವ ಭಾಗವು ಬಲು ಭಾರವಾದುದು, ಬಲು ವೇಗವಾಗಿ ತಿರುಗತಕ್ಕದ್ದು. ಅದರ ಒಂದು ಮಗ್ಗುಲು ಇನ್ನೊಂದಕ್ಕಿಂತ ಎಳ್ಳಷ್ಟು ತೂಕವಾಗಿದ್ದರೂ ಸಾಕು; ನಿಂತಾಗ ತಿಳಿಯದ ಆ ದೋಷ ತಿರುಗುವಾಗ ಕಂಪನವಾಗಿ ಬೆಳೆದು ಆಧಾರಗಳನ್ನೇ ಕಿತ್ತುಹಾಕುತ್ತದೆ. ತಿರುಗುತ್ತಿರುವಾಗಲೇ ತೂಕವನ್ನು ಸರಿದೂಗಿಸುವ ಕ್ರಮವೊಂದನ್ನು ಟೀಟರ್ ಕಂಡುಹಿಡಿದನು. ಕಣ್ಣಿಗೆ ಕಾಣುವ ದೋಷವೇ ಅದಲ್ಲ. ಕೈಗೆ ತಿಳಿಯುವ ದೋಷ. ಕಣ್ಣುಳ್ಳವರು ಸೋತಲ್ಲಿ ಅವನು ಗೆದ್ದುದರಲ್ಲಿ ಪವಾಡವೇನೂ ಇಲ್ಲವೆಂದು ನನಗೆ ತೋರುತ್ತದೆ.

ಯುದ್ಧ ಮುಗಿದ ಮೇಲೆ ಊರಿಗೆ ಹಿಂತಿರುಗಿ ಮನೆತನದ ಉದ್ಯಮವನ್ನೇ ಸೇರಿದನು. 1922ರಲ್ಲಿ ನೆಲ್ಲಿ ವ್ಯಾನ್ ಆಂಟ್‌ವರ್ಪ್ ಎಂಬವಳನ್ನು ಮದುವೆಯಾದನು. ಉದ್ಯಮವು ಆ ಹೊತ್ತಿಗೆ ಪಿಸ್ಟನ್ ರಿಂಗುಗಳ ತಯಾರಿಕೆಗೆ ಹೊರಳಿದ್ದಿತು. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರುವ ಈ ಬಳೆ ಸುತ್ತಲೂ ಒಂದೇ ಒತ್ತಡದಿಂದ ಗೋಡೆಗೆ ಅಂಟಿಕೊಂಡಿರಬೇಕು. ಎಲ್ಲಿಯಾದರೂ ಸಡಿಲವಾದರೆ ಎಣ್ಣೆ ಸುಟ್ಟು ಹೊಗೆಯೇಳುತ್ತದೆ. ಅವರ ಕಂಪೆನಿಯ ಹೆಸರು ಪರ್ಫೆಕ್ಟ್ ಸರ್ಕಲ್, ಅಂದರೆ ಪರಿಪೂರ್ಣ ವೃತ್ತ. ಎಂಜಿನಿಯರನಾಗಿ ಅಲ್ಲಿ ದುಡಿದ ಟೀಟರ್ 1946ರಲ್ಲಿ ಅದರ ಅಧ್ಯಕ್ಷನೂ ಆದನು. ಅದಕ್ಕೂ ಹತ್ತು ವರ್ಷ ಮೊದಲು, 1936ರಲ್ಲಿ, ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ ಅವನನ್ನು ತನ್ನ ಅಧ್ಯಕ್ಷನನ್ನಾಗಿ ಆರಿಸಿಕೊಂಡಿತ್ತು. ಕಾರು ಓಡಿಸಲಾರದವನನ್ನು ಕಾರು ಮಾಡುವವರೆಲ್ಲ ಸೇರಿ ತಮ್ಮ ಪೀಠದಲ್ಲಿ ಕೂರಿಸಿದರು!

ಇನ್ನು ನಮ್ಮ ವ್ಯಾಜ್ಯಕ್ಕೆ ಮೂಲವಾದ ಸಾಧನದ ಕಥೆ. ಟೀಟರನಿಗೆ ಹ್ಯಾರಿ ಲಿಂಡ್ಸೆ ಎಂಬ ಪೇಟೆಂಟ್ ವಕೀಲನಿದ್ದನು. ಅವನ ಕಾರಿನಲ್ಲಿ ಟೀಟರ್ ಪ್ರಯಾಣಮಾಡುವುದಿತ್ತು. ಆ ವಕೀಲನಿಗೆ ಒಂದು ಅಭ್ಯಾಸ. ತಾನು ಮಾತನಾಡುವಾಗ ಕಾರಿನ ವೇಗ ಇಳಿಸುತ್ತಿದ್ದನು, ಕೇಳುವಾಗ ಏರಿಸುತ್ತಿದ್ದನು. ಹೀಗೆ ಮಾತು ಸಾಗಿದಂತೆಲ್ಲ ಕಾರು ಮುಗ್ಗರಿಸುತ್ತ, ನುಗ್ಗುತ್ತ ಸಾಗಿ, ಪಕ್ಕದಲ್ಲಿ ಕುಳಿತವನ ಮೈ ಹಿಂದಕ್ಕೂ ಮುಂದಕ್ಕೂ ಓಲಾಡುತ್ತಿದ್ದಿತಂತೆ. ಈ ಉಪದ್ರವದಿಂದಲೇ ವೇಗ ಹಿಡಿದಿಡುವ ಯಂತ್ರದ ಯೋಚನೆ ಹುಟ್ಟಿತೆಂದು ಹೇಳುತ್ತಾರೆ. ಇಂಥ ಹುಟ್ಟುಕಥೆಗಳನ್ನು ಪೂರ್ತಿಯಾಗಿ ನಂಬುವವನು ನಾನಲ್ಲ. ಆದರೂ ಇದರ ತಿರುಳು ನಿಜವಿರಬೇಕು. ಬಿ.ಸಿ. ರೋಡಿನಿಂದ ಬೆಳ್ತಂಗಡಿಗೆ ಹೋಗುವ ಸರ್ವೀಸು ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತವನಿಗೆ ಚಾಲಕನ ಸ್ವಭಾವವೆಲ್ಲ ಸೊಂಟಕ್ಕೂ ಕುತ್ತಿಗೆಗೂ ತಿಳಿಯುತ್ತದೆ. ಚಾಲಕನಿಗೆ ಮಾತ್ರ ತಿಳಿಯುವುದಿಲ್ಲ. ಅವನ ಕಣ್ಣು ರಸ್ತೆಯ ಮೇಲಿದೆ, ಏರಿಳಿಸುತ್ತಿರುವ ಕಾಲೂ ಅವನದೇ. ಟೀಟರನು ಜೀವಮಾನವೆಲ್ಲ ಕಣ್ಣುಮುಚ್ಚಿದ ಪ್ರಯಾಣಿಕನು. ಆದುದರಿಂದ ಲಕ್ಷಾಂತರ ಜನ ದಿನವೂ ಮಾಡುತ್ತಿದ್ದ, ಯಾರೂ ದೋಷವೆಂದೇ ಎಣಿಸದಿದ್ದ ಒಂದು ದೋಷ ಅವನಿಗೆ ಸ್ಪಷ್ಟವಾಯಿತು.

ಎರಡನೆಯ ಮಹಾಯುದ್ಧದ ಸಂದರ್ಭವೂ ಇದಕ್ಕೆ ಒದಗಿಬಂದಿತು. ರಬ್ಬರನ್ನೂ ಪೆಟ್ರೋಲನ್ನೂ ಉಳಿಸುವುದಕ್ಕಾಗಿ 1942ರಲ್ಲಿ ಅಮೆರಿಕದಲ್ಲಿ ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿಲೋಮೀಟರಿನ ವೇಗಮಿತಿಯನ್ನು ವಿಧಿಸಿದರು. ವಿಶಾಲವಾದ ನೇರ ರಸ್ತೆಯಲ್ಲಿ ಅಷ್ಟೇ ವೇಗಕ್ಕೆ ಕಾಲನ್ನು ಕಟ್ಟಿಹಾಕಿಕೊಂಡು ಹೋಗುವುದು ಎಷ್ಟು ಕಷ್ಟವೆಂಬುದು ಕಾರುಳ್ಳವರಿಗೆಲ್ಲ ಅನುಭವಕ್ಕೆ ಬಂದಿತು.

ವೇಗವನ್ನು ಯಂತ್ರವೇ ನೋಡಿಕೊಳ್ಳುವ ಯೋಚನೆ ಟೀಟರನಿಂದಲೇ ಮೊದಲಾಯಿತೆಂದು ಹೇಳಿದರೆ ಅನ್ಯಾಯವಾದೀತು. 1788ರಲ್ಲಿ ಜೇಮ್ಸ್ ವಾಟನು ಹಬೆಯಂತ್ರಕ್ಕೆ ಎರಡು ಗುಂಡುಗಳ ಗವರ್ನರನ್ನು ತೊಡಿಸಿದ್ದನು. ಯಂತ್ರ ವೇಗವಾದಂತೆ ಗುಂಡುಗಳು ಹೊರಕ್ಕೆ ಹಾರಿ ಹಬೆಯ ದಾರಿಯನ್ನು ಕಿರಿದುಮಾಡುತ್ತವೆ. ನಿಧಾನವಾದಂತೆ ಒಳಕ್ಕೆ ಬಂದು ಅಗಲಮಾಡುತ್ತವೆ. ಬಂಟ್ವಾಳದ ಕಡೆಯ ಅಡಿಕೆ ತೋಟಗಳಲ್ಲಿ ವಿದ್ಯುತ್ತು ಬರುವ ಮೊದಲು ಇದ್ದ ಡೀಸೆಲ್ ಪಂಪುಗಳನ್ನು ನೆನೆಸಿಕೊಳ್ಳಬಲ್ಲ ಹಿರಿಯರು ಇನ್ನೂ ಇದ್ದಾರೆ. ನೀರೆತ್ತುವ ಭಾರ ಬಿದ್ದೊಡನೆ ಎಂಜಿನ್ನಿನ ಸದ್ದು ಒಂದು ಕ್ಷಣ ಕುಗ್ಗಿ, ಮರುಕ್ಷಣವೇ ತಾನಾಗಿ ಚೇತರಿಸಿಕೊಳ್ಳುತ್ತಿದ್ದಿತು. ಆ ಚೇತರಿಕೆಯೇ ಗವರ್ನರಿನ ಕೆಲಸ. ನಮ್ಮ ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಹಾಕಿಸಿದ ಸ್ವಯಂಚಾಲಿತ ಬಾಗಿಲುಗಳೂ ಇದೇ ವಂಶಕ್ಕೆ ಸೇರಿದವು. ಗೊತ್ತುಮಾಡಿದ ಮಟ್ಟವನ್ನು ನೀರು ಮೀರಿದರೆ ಅವು ತಾವೇ ತೆರೆದುಕೊಳ್ಳುತ್ತವೆ. ಇಳಿದರೆ ತಾವೇ ಮುಚ್ಚಿಕೊಳ್ಳುತ್ತವೆ. 1910ರ ಸುಮಾರಿಗೆ ಪಿಯರ್‌ಲೆಸ್ ಎಂಬ ಅಮೆರಿಕದ ಕಾರಿನಲ್ಲಿಯೂ ಗವರ್ನರನ್ನು ಇರಿಸಿದ್ದುಂಟು.

ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹಾಲಯವಿದೆ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವ ಅಧ್ಯಾಪಕರು ಒಂದು ಮಾತನ್ನು ತಿಳಿಸಿಕೊಡಬಹುದು. ಪೂರ್ವಕಾಲದ ಎಷ್ಟೋ ಕಾರುಗಳಲ್ಲಿ ಕಾಲಿನ ಬದಲು ಕೈಯಿಂದ ಎಂಜಿನ್ನಿಗೆ ಪೆಟ್ರೋಲು ಹೆಚ್ಚುಕಡಮೆ ಮಾಡುವ ಸಣ್ಣ ಹಿಡಿಯೊಂದು ಸ್ಟೀಯರಿಂಗಿನ ಬಳಿ ಇರುತ್ತಿತ್ತು. ಅದನ್ನು ಒಂದು ಕಡೆ ನಿಲ್ಲಿಸಿದರೆ ಕಾಲಿಗೆ ಬಿಡುವು ದೊರೆಯುತ್ತಿದ್ದಿತು. ಆದರೆ ಅದು ಹಿಡಿದಿಡುವುದು ಪೆಟ್ರೋಲಿನ ಪ್ರಮಾಣವನ್ನೇ ಹೊರತು ವೇಗವನ್ನಲ್ಲ. ಏರು ಬಂದರೆ ಕಾರು ಸೋಲುತ್ತದೆ, ಇಳಿಜಾರು ಬಂದರೆ ಧಾವಿಸುತ್ತದೆ. ಈ ಎರಡರ ಅಂತರವನ್ನು ತಿಳಿದವನು ಕ್ರೂಸ್ ಕಂಟ್ರೋಲಿನ ಮರ್ಮವನ್ನು ತಿಳಿದಂತೆಯೇ.

ಟೀಟರ್ ಮಾಡಿದುದು ಹೀಗೆ. ಚಾಲಕನ ಮುಂದಿನ ಹಲಗೆಯ ಮೇಲೆ ಬೇಕಾದ ವೇಗವನ್ನು ಗೊತ್ತುಮಾಡುವ ತಿರುಗಣೆ. ಚಕ್ರಗಳಿಗೆ ಬಲವನ್ನು ಒಯ್ಯುವ ದಂಡದಿಂದಲೇ ತಿರುಗುವ ಒಂದು ಗವರ್ನರು. ತಿರುಗಣೆಯಿಂದ ಬಿಗಿಯಾದ ಸ್ಪ್ರಿಂಗಿಗೂ ಗವರ್ನರಿಗೂ ಜಗ್ಗಾಟ. ಗೊತ್ತಾದ ವೇಗ ಮುಟ್ಟಿದೊಡನೆ ಗವರ್ನರು ಗೆಲ್ಲುತ್ತದೆ. ಗೆದ್ದೊಡನೆ ನಿರ್ವಾತದಿಂದ ಚಲಿಸುವ ಒಂದು ಪಿಸ್ಟನ್ನು ಆಕ್ಸಿಲರೇಟರನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಚಾಲಕನ ಪಾದಕ್ಕೆ ಏನೋ ಅಡ್ಡಗಟ್ಟಿದಂತೆ ತಿಳಿಯುತ್ತದೆ. ಅವಶ್ಯವಿದ್ದರೆ ಒತ್ತಡವನ್ನು ಮೀರಿ ಮುಂದಕ್ಕೆ ತುಳಿಯುವ ಸ್ವಾತಂತ್ರ್ಯ ಅವನಿಗೆ ಇದ್ದೇ ಇದೆ. 1950ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು.

ಇಲ್ಲಿ ವಾಚಕರು ಒಂದು ಕ್ಷಣ ನಿಲ್ಲಬೇಕು. ಕ್ರೂಸ್ ಕಂಟ್ರೋಲ್ ತನ್ನ ಮೊದಲ ರೂಪದಲ್ಲಿ ಕಾಲಿಗೆ ರಜೆ ಕೊಡುವ ಯಂತ್ರವಾಗಿರಲಿಲ್ಲ, ಕಾಲಿಗೆ ಎಚ್ಚರಿಕೆ ಕೊಡುವ ಯಂತ್ರವಾಗಿದ್ದಿತು. ಕಣ್ಣಿನಿಂದ ವೇಗಮಾಪಕವನ್ನು ನೋಡಬೇಕಾದ ಕೆಲಸವನ್ನು ಟೀಟರ್ ಪಾದದ ಸ್ಪರ್ಶಕ್ಕೆ ವರ್ಗಾಯಿಸಿದನು. ತಾನು ಲೋಕವನ್ನು ತಿಳಿಯುತ್ತಿದ್ದ ದಾರಿಯನ್ನೇ ಕಣ್ಣುಳ್ಳವರಿಗೂ ತೋರಿಸಿದನೆನ್ನಬಹುದು. ತುಳಿಯದಿದ್ದರೂ ವೇಗವನ್ನು ಹಿಡಿದು ನಿಲ್ಲಿಸುವ ಬೀಗ ಆಮೇಲೆ ಸೇರಿದುದು. ವಿದ್ಯುತ್ ಮೋಟಾರಿನ ನೆರವಿನಿಂದ ಅದು ಸಾಧ್ಯವಾಯಿತು. ಬೀಗದೊಡನೆಯೇ ಅದರ ಕೀಲಿಕೈಯನ್ನೂ ಅವನು ಇಟ್ಟನು. ಬ್ರೇಕಿನ ಮೇಲೆ ಪಾದ ಸೋಕಿದರೆ ಸಾಕು, ಬೀಗ ಕಳಚಿ ಕಾರು ಚಾಲಕನ ವಶಕ್ಕೆ ಹಿಂತಿರುಗುತ್ತದೆ. ಹಿಡಿಯುವುದಕ್ಕಿಂತ ಬಿಡುವುದು ಮುಖ್ಯವೆಂಬ ಈ ವಿವೇಕವಿಲ್ಲದಿದ್ದರೆ ಅದು ಮೃತ್ಯುಯಂತ್ರವಾಗುತ್ತಿತ್ತು.

ಹೆಸರಿಡುವುದಕ್ಕೂ ಬಹಳ ಹೆಣಗಾಡಿದರು. ಕಂಟ್ರೋಲ್‌ಮ್ಯಾಟಿಕ್, ಟಚ್‌ಒಮ್ಯಾಟಿಕ್, ಪ್ರೆಸ್‌ಒಮ್ಯಾಟಿಕ್ ಎಂಬ ಕರ್ಣಕಠೋರ ಹೆಸರುಗಳನ್ನೆಲ್ಲ ದಾಟಿ ಕೊನೆಗೆ ಸ್ಪೀಡೊಸ್ಟಾಟ್ ಎಂಬುದು ನಿಂತಿತು. 1958ರಲ್ಲಿ ಕ್ರೈಸ್ಲರ್ ಕಂಪೆನಿ ತನ್ನ ಇಂಪೀರಿಯಲ್, ನ್ಯೂಯಾರ್ಕರ್, ವಿಂಡ್ಸರ್ ಕಾರುಗಳಲ್ಲಿ, ಬೇಕೆಂದು ಹಣ ಕೊಟ್ಟವರಿಗೆ, ಇದನ್ನು ಆಟೊ ಪೈಲಟ್ ಎಂಬ ಹೆಸರಿನಿಂದ ಒದಗಿಸಿತು. ಸ್ವಲ್ಪ ಕಾಲದಲ್ಲಿಯೇ ಕ್ಯಾಡಿಲಾಕ್‌ನವರು ಇಟ್ಟ ಕ್ರೂಸ್ ಕಂಟ್ರೋಲ್ ಎಂಬ ಹೆಸರು ಮಿಕ್ಕವನ್ನೆಲ್ಲ ಹಿಂದಿಕ್ಕಿತು. 1973ರ ತೈಲಸಂಕಟ ಬಂದು, ಮರುವರ್ಷ ಅಮೆರಿಕಕ್ಕೆಲ್ಲ ಗಂಟೆಗೆ 55 ಮೈಲಿಯ ಮಿತಿ ಬಿದ್ದಾಗ, ಶ್ರೀಮಂತರ ಆಟಿಕೆಯಾಗಿದ್ದುದು ಸಾಮಾನ್ಯರ ಮನೆಗೂ ಬಂದಿತು.

ಗುಂಡುಗಳೂ ಪಿಸ್ಟನ್ನೂ ಈಗಿಲ್ಲ. ಇಂದಿನ ಕಾರುಗಳಲ್ಲಿ ಆಕ್ಸಿಲರೇಟರಿನಿಂದ ಎಂಜಿನ್ನಿಗೆ ತಂತಿಹಗ್ಗವೇ ಇಲ್ಲ. ಪಾದ ಎಷ್ಟು ಇಳಿಯಿತೆಂಬುದನ್ನು ಎರಡು ಸಂವೇದಕಗಳು ವಿದ್ಯುತ್ತಿನ ಸಂಜ್ಞೆಯಾಗಿ ಎಂಜಿನ್ನಿನ ಗಣಕಕ್ಕೆ ತಿಳಿಸುತ್ತವೆ. ಎರಡೂ ಒಂದಕ್ಕೊಂದು ತಾಳೆಯಾಗದಿದ್ದರೆ ಗಣಕ ನಂಬುವುದಿಲ್ಲ. ಬೇಸ್ ಮಾಡೆಲಿಗೆ ಕ್ರೂಸ್ ಕಂಟ್ರೋಲ್ ಸೇರಿಸುವ ದಾರಿಗಳು ಎರಡು. ಕೆಲವು ಕಾರುಗಳ ಗಣಕದಲ್ಲಿ ಆ ವಿದ್ಯೆ ಮೊದಲೇ ಇದ್ದು, ಸ್ಟೀಯರಿಂಗಿನ ಗುಂಡಿಗಳೂ ಅವುಗಳ ತಂತಿಗಳೂ ಮಾತ್ರ ಇರುವುದಿಲ್ಲ. ಅಂಥಲ್ಲಿ ಗುಂಡಿ, ತಂತಿಗಳನ್ನು ಜೋಡಿಸಿ ಗಣಕವನ್ನು ಎಚ್ಚರಿಸಿದರಾಯಿತು. ಇಲ್ಲದಿದ್ದಲ್ಲಿ ಆಕ್ಸಿಲರೇಟರಿಗೂ ಗಣಕಕ್ಕೂ ನಡುವೆ ಒಂದು ಪೆಟ್ಟಿಗೆಯನ್ನು ಕೂರಿಸಬೇಕು. ಪಾದ ಒತ್ತಿದಂತೆಯೇ ಅದು ಸಂಜ್ಞೆಯನ್ನು ಕಳುಹಿಸುತ್ತದೆ. ಒಂದರ್ಥದಲ್ಲಿ ಇಲ್ಲದ ಪಾದದ ವೇಷ ಹಾಕುತ್ತದೆ. ಸೋದರಳಿಯ ಹಿಡಿದುದು ಈ ಎರಡನೆಯ ದಾರಿ. ಸ್ಟೀಯರಿಂಗನ್ನು ಬಿಚ್ಚುವ ಪ್ರಮೇಯವೇ ಬರಲಿಲ್ಲವೆಂಬುದು ನನಗೆ ಸಮಾಧಾನ ತಂದಿತು. ಅದರೊಳಗೆ ಸಿಡಿಯುವ ಗಾಳಿಚೀಲವಿರುವುದರಿಂದ ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಕಾದು, ಆಮೇಲೆಯೇ ಕೈಹಾಕಬೇಕು. ತಿಳಿಯದವರು ಅದರ ತಂಟೆಗೆ ಹೋಗದಿರುವುದೇ ಲೇಸು.

ನಾನು ಅವನಿಗೆ ಎರಡು ಮಾತು ಹೇಳಿದೆನು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮೂಲರೂಪವನ್ನು ಬದಲಾಯಿಸುವುದಕ್ಕೆ ಕಟ್ಟು ಹಾಕುತ್ತದೆಯಾದುದರಿಂದ ಮೊದಲು ಅಧಿಕಾರಿಗಳನ್ನೂ ವಿಮೆಯವರನ್ನೂ ವಿಚಾರಿಸಿಕೊಳ್ಳಬೇಕು ಎಂಬುದು ಒಂದು. ಟೀಟರನ ಕೀಲಿಕೈ ಎಲ್ಲಿದೆಯೆಂದು ತೋರಿಸದೆ ರಸ್ತೆಗೆ ಇಳಿಯಕೂಡದು ಎಂಬುದು ಇನ್ನೊಂದು. ಮೊದಲನೆಯದನ್ನು ಪೂರೈಸಲು ಅವನಿಗೆ ಮೂರು ವಾರ ಹಿಡಿಯಿತು. ಬ್ರೇಕಿನ ಸ್ವಿಚ್ಚಿನಿಂದ ಒಂದು ತಂತಿ, ಕ್ಲಚ್ಚಿನ ಸ್ವಿಚ್ಚಿನಿಂದ ಒಂದು ತಂತಿ ಆ ಪೆಟ್ಟಿಗೆಗೆ ಬರಬೇಕು. ಕ್ಲಚ್ಚಿನ ತಂತಿಯನ್ನು ಅನಗತ್ಯವೆಂದು ಬಿಡುವವರುಂಟು. ಬಿಟ್ಟರೆ, ಗೇರು ಬದಲಿಸಲು ಕ್ಲಚ್ಚು ತುಳಿದಾಗ ಕಾರು ನಿಧಾನವಾಗುವುದನ್ನು ಕಂಡು ಯಂತ್ರವು ಇನ್ನಷ್ಟು ಪೆಟ್ರೋಲು ಸುರಿಯುತ್ತದೆ. ಭಾರವಿಲ್ಲದ ಎಂಜಿನ್ನು ಕಿರುಚಿಕೊಳ್ಳುತ್ತದೆ. ಒಂದು ಭಾನುವಾರ ಬೆಳಿಗ್ಗೆ ಜನಸಂಚಾರವಿಲ್ಲದ ಹೊತ್ತಿನಲ್ಲಿ ಬ್ರೇಕು, ಕ್ಲಚ್ಚು, ನಿಲ್ಲಿಸುವ ಗುಂಡಿ ಈ ಮೂರನ್ನೂ ಬೇರೆಬೇರೆಯಾಗಿ ಹತ್ತು ಹತ್ತು ಬಾರಿ ಪರೀಕ್ಷಿಸಿದೆವು. ಮೂವತ್ತು ಬಾರಿಯೂ ಅದು ಬಿಟ್ಟಿತು.

ಆದರೂ ಅಕ್ಕನ ಮಾತು ತೀರ ತಳ್ಳಿಹಾಕುವಂಥದಲ್ಲ. ಇಂದಿನ ದುಬಾರಿ ಕಾರುಗಳಲ್ಲಿ ರೇಡಾರು ಮುಂದಿನ ವಾಹನದ ದೂರವನ್ನು ಅಳೆದು ವೇಗವನ್ನು ತಾನೇ ಇಳಿಸುತ್ತದೆ. ಮನೆಯಂಗಳದಲ್ಲಿ ಸೇರಿಸಿದ ಪೆಟ್ಟಿಗೆಗೆ ಅಂಥ ದೃಷ್ಟಿಯಿಲ್ಲ. ತನ್ನ ವೇಗ ಮಾತ್ರ ಅದಕ್ಕೆ ತಿಳಿದಿದೆ. ಎದುರಿಗೆ ದನ ಬಂದಿತೇ, ಶಾಲೆಯ ಮಗು ಬಂದಿತೇ ಎಂಬುದು ತಿಳಿಯದು. ಅದಕ್ಕೆ ಕಣ್ಣಾಗಬೇಕಾದವನು ಚಾಲಕನೇ. ಮೂಡುಬಿದಿರೆಯಿಂದ ವೇಣೂರು, ಗುರುವಾಯನಕೆರೆಗಳ ಮೇಲೆ ಬೆಳ್ತಂಗಡಿಗೆ ಬರುವ ದಾರಿಯಲ್ಲಿ ತಿರುವಿನ ಮೇಲೆ ತಿರುವು. ಬಂಟ್ವಾಳದಿಂದ ಸಿದ್ಧಕಟ್ಟೆಯ ಮೂಲಕ ಮೂಡುಬಿದಿರೆಗೆ ಹೋಗುವ ದಾರಿಯೂ ಹಾಗೆಯೇ. ಅಲ್ಲಿ ಇದನ್ನು ಮುಟ್ಟಬಾರದೆಂದು ನಾನು ತೀರ್ಪಿತ್ತೆನು. ಚಾರ್ಮಾಡಿ ಘಟ್ಟದ ಮಾತೇ ಬೇಡ. ಮಳೆಗಾಲದಲ್ಲಿ ಎಲ್ಲಿಯೂ ಬೇಡ. ನೀರಿನ ಮೇಲೆ ಚಕ್ರ ಜಾರಿದರೂ ಯಂತ್ರವು ಹಟಬಿಡದೆ ಬಲ ಕೊಡುತ್ತಲೇ ಇರಬಹುದು. ಇನ್ನುಳಿದುದು ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆಯ ವರೆಗೆ ಇತ್ತೀಚೆಗೆ ಅಗಲಗೊಂಡ ತುಂಡು, ಅದೂ ಪೇಟೆಗಳನ್ನು ಬಿಟ್ಟು. ಬಯಸಿದುದರ ಕಾಲುಭಾಗ ಮಾತ್ರ ಭಾವನವರಿಗೆ ದಕ್ಕಿತು. ಅವರು ಗೊಣಗಿದರು. ಆದರೆ ಮೊಣಕಾಲಿಗೆ ಆ ಕೆಲವು ನಿಮಿಷಗಳ ಬಿಡುವೂ ದೊಡ್ಡದೆಂದು ಒಪ್ಪಿಕೊಂಡರು. ಅಕ್ಕ ಈಗ ಪಕ್ಕದ ಆಸನದಲ್ಲಿ ಕುಳಿತು ಮಾತನಾಡಿಸುತ್ತ ಹೋಗುತ್ತಾಳೆ. ಮಾತು ಎಷ್ಟು ಸಾಗಿದರೂ ಕಾರು ಮುಗ್ಗರಿಸುವುದಿಲ್ಲವಂತೆ.

ಟೀಟರನ ಉತ್ತರಜೀವನ ನೆಮ್ಮದಿಯದು. ಕೈಬೆರಳುಗಳು ಸುಮ್ಮನಿರಲಿಲ್ಲ, ಬೀಗಗಳು, ಮೀನುಗಾಳದ ಕೋಲಿನ ಹಿಡಿಕೆಗಳು, ಹುಲ್ಲು ಕತ್ತರಿಸುವ ಯಂತ್ರ ಇವೆಲ್ಲದರ ಮೇಲೂ ಅವನ ಕೈಯಾಡಿತು. ಪರ್ಫೆಕ್ಟ್ ಸರ್ಕಲ್ ಕಂಪೆನಿ 1963ರಲ್ಲಿ ಡಾನಾ ಎಂಬ ದೊಡ್ಡ ಸಂಸ್ಥೆಯೊಳಗೆ ಸೇರಿಹೋಯಿತು. ಗೌರವ ಪದವಿಗಳು ಬಂದವು. ತನ್ನ ಅಂಧತ್ವವನ್ನು ಮುಂದುಮಾಡಿ ಮೆಚ್ಚುಗೆ ಪಡೆಯುವುದು ಅವನ ರೀತಿಯಾಗಿರಲಿಲ್ಲವೆಂದು ಅವನನ್ನು ಬಲ್ಲವರೆಲ್ಲ ಹೇಳುತ್ತಾರೆ. ಬಾಲ್ಯದ ಮನೆಯಲ್ಲಿ ಕಲಿತ ಪಾಠವನ್ನು ಅವನು ಕೊನೆಯ ವರೆಗೂ ಬಿಡಲಿಲ್ಲ. 1982ರ ಫೆಬ್ರವರಿಯಲ್ಲಿ, 91ನೆಯ ವಯಸ್ಸಿನಲ್ಲಿ, ಅವನು ಕಾಲವಾದನು. ಆರು ವರ್ಷಗಳ ತರುವಾಯ ಅಮೆರಿಕದ ಮೋಟಾರು ಉದ್ಯಮದ ಕೀರ್ತಿಶಾಲೆಯಲ್ಲಿ ಅವನ ಹೆಸರು ಸೇರಿತು. ಮಗಳು ಮಾರ್ಜರಿ ಟೀಟರ್ ಮೇಯರ್ ತಂದೆಯ ಜೀವನಚರಿತ್ರೆಯನ್ನು ಬರೆದಿದ್ದಾಳೆ. ಒಬ್ಬ ಮನುಷ್ಯನ ದೃಷ್ಟಿ ಎಂಬುದು ಆ ಪುಸ್ತಕದ ಹೆಸರು.